ಮಾವನಿಗೆ ಅಂಟಿದ ಸೀರೆ

ದೆವ್ವ ಮೈಮೇಲೆ ಬಂತು, ಸತ್ತವರು ಹೆಸರು ಹಿಡಿದು ಕರೆದರು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಕೂತು ಕೇಳುವ ತಾಳ್ಮೆ ನನಗಿರಲಿಲ್ಲ. ಈಗ ಅಂಥದ್ದನ್ನೇ ಬರೆಯಲು ಕೂತಿದ್ದೇನೆ. ನಾಲ್ಕನೇ ಜಮಾತಿಗೆ ಶಾಲೆ ಬಿಟ್ಟವನು ನಾನು. ಚಂದ ಮಾಡಿ ಹೇಳಲು ಬರುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮ್ಮ ಖುಷಿ.

ಆಗ ನಿಜಾಮರ ರಾಜ್ಯ. ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಸೋದರಮಾವ ಈರಣ್ಣನ ಮನೆಯಲ್ಲಿದ್ದೆ. ಅವನ ಜೊತೆ ಮಗ್ಗದ ಕೆಲಸ. ಚಳಿಗಾಲ ಬಂತೆಂದರೆ ರೇಷ್ಮೆ ತಂಟೆ ಮಾಡುತ್ತದೆ. ಗಾಳಿ ಒಣಗಿದಾಗ ಎಳೆಗಳು ಒಂದನ್ನೊಂದು ದೂಡಿಕೊಂಡು ದೂರ ನಿಲ್ಲುತ್ತವೆ. ಕೈ ಹತ್ತಿರ ಒಯ್ದರೆ ಸಾಕು, ಮುಟ್ಟುವ ಮುಂಚೆಯೇ ಹಾರಿ ಬಂದು ಅಂಟುತ್ತವೆ. ಕತ್ತಲಲ್ಲಿ ಚಟ್ ಎಂದು ಕಿಡಿಯೂ ಹಾರುತ್ತದೆ. ಅದಕ್ಕೇ ನಾವು ಮಗ್ಗದ ಕುಣಿಯ ಸುತ್ತ ನೀರು ಚಿಮುಕಿಸುತ್ತಿದ್ದೆವು.

ಶಾಲೆಯಲ್ಲಿ ಉರ್ದು ಮಾಸ್ತರರು ಒಮ್ಮೆ ಗಾಜಿನ ಕೊಳವೆಯನ್ನು ರೇಷ್ಮೆ ಬಟ್ಟೆಯಿಂದ ತಿಕ್ಕಿ ಕಾಗದದ ಚೂರುಗಳನ್ನು ಕುಣಿಸಿದ್ದರು. ಇದೂ ಬಿಜಲಿಯೇ, ಸಿಡಿಲಿನ ತಮ್ಮ ಎಂದಿದ್ದರು. ಇದರಲ್ಲಿ ಎರಡು ಜಾತಿ. ಒಂದೇ ಜಾತಿಯವು ದೂಡುತ್ತವೆ, ಬೇರೆ ಜಾತಿಯವು ಎಳೆಯುತ್ತವೆ. ತಿಕ್ಕಿದರೆ ಬರುತ್ತದೆ, ನೀರು ತಾಗಿದರೆ ಹೋಗುತ್ತದೆ. ನನ್ನ ಓದಿನಲ್ಲಿ ತಲೆಯಲ್ಲಿ ಉಳಿದದ್ದು ಇದೊಂದೇ.

ಆ ಚಳಿಗಾಲದಲ್ಲಿ ಮಾವನ ಹೆಂಡತಿ, ನಮ್ಮ ಅತ್ತೆ ನಾಗಮ್ಮ, ಹಿತ್ತಲ ಬಾವಿಯಲ್ಲಿ ಹೆಣವಾಗಿ ತೇಲಿದಳು. ಹಿಂದಿನ ಸಂಜೆ ಅವಳು ತವರಿಗೆ ಹೋಗುತ್ತೇನೆ ಎಂದಿದ್ದಳು, ಮಗ್ಗದ ಮೇಲಿನ ಸೀರೆ ಮುಗಿಯುವವರೆಗೆ ಬೇಡ ಎಂದು ಮಾವ ಕೆನ್ನೆಗೆ ಬಾರಿಸಿದ್ದ. ಓಣಿಯೆಲ್ಲ ನೋಡಿತ್ತು. ರಾತ್ರಿ ಏನಾಯಿತೋ ಯಾರಿಗೂ ಗೊತ್ತಿಲ್ಲ. ನಾನು ಮಗ್ಗದ ಕೋಣೆಯಲ್ಲಿ ಮಲಗಿದ್ದೆ, ಏನೂ ಕೇಳಿಸಲಿಲ್ಲ. ಬೆಳಿಗ್ಗೆ ಮಾವನೇ ಹಗ್ಗ ಕಟ್ಟಿಕೊಂಡು ಇಳಿದು ಎತ್ತಿದ.

ಅವಳ ತವರು ಮಕ್ತಲ್. ಸುದ್ದಿ ಮುಟ್ಟಿ ಅವಳ ಅಣ್ಣ ಮಲ್ಲಣ್ಣ ನಾಲ್ಕೈದು ಗಂಡಸರನ್ನು ಕಟ್ಟಿಕೊಂಡು ಮೋಟಾರಿನಲ್ಲಿ ಬಂದಾಗ ದೀಪ ಹಚ್ಚುವ ಹೊತ್ತು. ಹೆಣಕ್ಕೆ ನೀರು ಹಾಕಿ ಪಡಸಾಲೆಯಲ್ಲಿ ಮಲಗಿಸಿದ್ದೆವು. ನೆಲವೆಲ್ಲ ಒದ್ದೆ. ಮಾವ ಪಕ್ಕದ ಕಟ್ಟಿಗೆಯ ಮಂಚದ ಮೇಲೆ ಕಾಲು ಮೇಲಿಟ್ಟುಕೊಂಡು ಕಂಬಳಿ ಹೊದ್ದು ನಡುಗುತ್ತಿದ್ದ.

ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನವರು ಸೀರೆ ತರಬೇಕು, ಗಂಡ ತನ್ನ ಕೈಯಾರೆ ಅದನ್ನು ಹೊದಿಸಬೇಕು. ಮಲ್ಲಣ್ಣ ತಂದದ್ದು ಗದ್ವಾಲಿನದು, ಪೂರಾ ರೇಷ್ಮೆ. ಅದನ್ನು ಮಾವನ ಮಡಿಲಿಗೆ ಎಸೆದ.

“ತಗೋ ಭಾವಾ, ಹೊದಿಸು. ನಿನ್ನೆ ಕೆನ್ನಿಗೆ ಕೊಟ್ಟಿ, ಇವತ್ತ ಹೆಣಕ್ಕ ಕೊಡು.”

ಮಾವ ಮಂಚದ ಮೇಲೆಯೇ ಮಂಡಿಯೂರಿ ಸೀರೆಯ ಮಡಿಕೆ ಬಿಚ್ಚಿದ, ಕಂಬಳಿಯ ಮೇಲಿಂದ ಎಳೆದ. ಚಟಚಟ ಎಂದಿತು. ಕಂದೀಲಿನ ಮಂದ ಬೆಳಕಿನಲ್ಲಿ ನೀಲಿ ಕಿಡಿಗಳು ಅವನ ಬೆರಳುಗಳ ಸುತ್ತ ಹಾರಿದವು. ಸೀರೆ ಎದ್ದು ಅವನ ತೋಳಿಗೆ ಸುತ್ತಿಕೊಂಡಿತು. ಕಿತ್ತರೆ ಎದೆಗೆ ಅಂಟಿತು, ಎದೆಯಿಂದ ಕಿತ್ತರೆ ಮುಖಕ್ಕೆ.

“ಅಯ್ಯಯ್ಯೋ, ಆಕಿ ಬಿಡವಲ್ಲಳೋ!” ಎಂದು ಪಕ್ಕದ ಮನೆಯ ಹಣಮವ್ವ ಕೂಗಿಬಿಟ್ಟಳು. “ತನ್ನ ಕೊಂದವನ್ನ ತಾನೇ ಹಿಡದಾಳ!”

ಇಷ್ಟೇ ಬೇಕಿತ್ತು. ಮಲ್ಲಣ್ಣ ಮೂಲೆಯಲ್ಲಿದ್ದ ಸೀರೆ ಸುತ್ತುವ ಕಟ್ಟಿಗೆಯ ದಿಂಡು ಎತ್ತಿ ಬೀಸಿದ. ಮೊದಲ ಏಟಿಗೇ ಮಾವನ ಬಲಗೈ ಮುರಿಯಿತು. ಹಸಿ ಟೊಂಗೆ ಮುರಿದ ಸದ್ದು. ಎರಡನೆಯದು ಬಾಯಿಗೆ ಬಿತ್ತು, ಹಲ್ಲು ನೆಲಕ್ಕೆ ಉದುರಿದವು. ಉಳಿದವರು ಮಂಚದ ಮೇಲೆಯೇ ಅವನನ್ನು ಒದ್ದರು. ನಮ್ಮ ಓಣಿಯವರೇ ಇಬ್ಬರು ಕೈ ಸೇರಿಸಿದರು. ಮಾವ ಕೊಂದೆ ಎನ್ನಲಿಲ್ಲ, ಕೊಂದಿಲ್ಲ ಎನ್ನಲಿಲ್ಲ. ಮೂಟೆಯಂತೆ ಬಡಿಸಿಕೊಂಡ.

ನಾನು ನಡುವೆ ನುಗ್ಗಿದೆ. ನನಗೂ ಎರಡು ಬಿದ್ದವು.

“ಕೊಲ್ಲಬ್ಯಾಡ್ರಿ! ಒಣ ರೇಷ್ಮಿ ಯಾರಿಗಾದ್ರೂ ಅಂಟತೈತಿ. ನೀವೂ ನೇಕಾರ್ರಲ್ಲೇನ್ರಿ? ಕಂಬಳಿಗೆ ತಿಕ್ಕಿದ್ದಕ್ಕ ಬಿಜಲಿ ಬಂದೈತಿ. ತಡೀರಿ, ತೋರಿಸ್ತೀನಿ. ನನಗ ಅಂಟಿದ್ರ ಅವನ್ನ ಬಿಡ್ತೀರೇನ್ರಿ?”

ಮಲ್ಲಣ್ಣ ಉಸಿರು ಬಿಡುತ್ತ ನಿಂತ. “ತೋರ್ಸು ಪಂಡಿತಾ. ಅಂಟಲಿಲ್ಲಂದ್ರ ನೀ ಹೊರಗ ನಡಿ, ಇವನ ತಲಿ ನನಗ ಬಿಡು.”

ಮಾವನ ಮೈಮೇಲಿನ ಕಂಬಳಿ ಕಿತ್ತು ಹೊದ್ದುಕೊಂಡೆ. ಅದೇ ಮಂಚದ ಮೇಲೆ ನಿಂತೆ. ಅವನಿಗೆ ಅಂಟಿದ್ದ ಸೀರೆಯನ್ನು ಬಿಡಿಸಿ ಕಂಬಳಿಗೆ ಮೇಲಿಂದ ಕೆಳಗೆ ಗಟ್ಟಿಯಾಗಿ ತಿಕ್ಕಿ ಕೈ ಚಾಚಿದೆ. ಎಲ್ಲರೂ ನೋಡುತ್ತಿದ್ದರು. ಸೀರೆ ಸತ್ತ ಹಾವಿನಂತೆ ಜೋತು ಬಿತ್ತು. ಮತ್ತೆ ತಿಕ್ಕಿದೆ. ಒಂದು ಕಿಡಿಯಿಲ್ಲ. ಕೈ ಸೋತು ಸೀರೆ ಜಾರಿ ಕೆಳಗೆ, ನೀರು ಹಾಕಿದ್ದ ಅತ್ತೆಯ ಮೈಮೇಲೆ ಬಿತ್ತು.

ಆಮೇಲೆ ನನಗೆ ಕಾರಣ ಹೊಳೆಯಿತು. ಕಂಬಳಿಯೆಲ್ಲ ಮಾವನ ರಕ್ತದಿಂದ ಒದ್ದೆಯಾಗಿತ್ತು. ನೀರು ತಾಗಿದರೆ ಹೋಗುತ್ತದೆ ಎಂದಿದ್ದರಲ್ಲ ಮಾಸ್ತರರು, ರಕ್ತವೂ ನೀರೇ. ಆದರೆ ಆ ಗಳಿಗೆಯಲ್ಲಿ ಅದನ್ನು ಕೇಳುವವರು ಯಾರು? ನಾನು ಉಳಿಸಲು ಹೋಗಿ ಅವರ ಅನುಮಾನಕ್ಕೆ ಮುದ್ರೆ ಒತ್ತಿದಂತಾಯಿತು. ನನ್ನನ್ನು ಇಬ್ಬರು ಗೋಡೆಗೆ ಒತ್ತಿ ಹಿಡಿದರು. ಮಲ್ಲಣ್ಣ ಮಾವನ ಜುಟ್ಟು ಹಿಡಿದು ಎಳೆದು ಅತ್ತೆಯ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೆಡವಿದ. ಎರಡೂ ಕೈಯಿಂದ ದಿಂಡು ತಲೆಯ ಮೇಲೆತ್ತಿದ.

ಇಲ್ಲಿಯವರೆಗೆ ನಾನು ನಿಮಗೆ ಎಲ್ಲಕ್ಕೂ ಲೆಕ್ಕ ಕೊಟ್ಟೆ. ಇನ್ನು ಮುಂದಿನದಕ್ಕೆ ನನ್ನ ಬಳಿ ಲೆಕ್ಕವಿಲ್ಲ.

ಅತ್ತೆಯ ಮೈಮೇಲೆ ಬಿದ್ದಿದ್ದ ಸೀರೆ ಅಷ್ಟರಲ್ಲಿ ನೀರು ಕುಡಿದು ಕಪ್ಪಾಗಿತ್ತು. ಅದರ ಸೆರಗು ಎದ್ದಿತು. ನೆಲದಿಂದ ಮೊಳದಷ್ಟು ಮೇಲೆ, ಹಿಡಿಯುವ ಕೈಯಿಲ್ಲದೆ, ನಿಂತಿತು. ಹನಿ ತೊಟ್ಟಿಕ್ಕುವುದು ನನಗೆ ಕೇಳಿಸಿತು. ಆಮೇಲೆ ಬಾಗಿ, ದಿಂಡಿನ ಕೆಳಗಿದ್ದ ಮಾವನ ತಲೆಯ ಮೇಲೆ, ಮುಖದ ಮೇಲೆ ಹರಡಿಕೊಂಡಿತು.

ದಿಂಡು ಗಾಳಿಯಲ್ಲೇ ನಿಂತಿತು.

“ನಾಗೀ...” ಎಂದ ಮಲ್ಲಣ್ಣ. ಅಷ್ಟೇ. ದಿಂಡು ಕೈಬಿಟ್ಟು ಅಲ್ಲೇ ಕುಸಿದು ಕೂತ. ತಂಗಿಯ ಕಾಲು ಹಿಡಿದು ಗಂಡಸು ಅಳಬಾರದ ಹಾಗೆ ಅತ್ತ. ಮಾವನನ್ನು ಮುಟ್ಟಲು ಆಮೇಲೆ ಯಾರಿಗೂ ಧೈರ್ಯ ಬರಲಿಲ್ಲ.

ಗಾಳಿ ಎನ್ನುತ್ತೀರಿ. ಬಾಗಿಲು ಹಾಕಿತ್ತು, ಕಂದೀಲಿನ ಕುಡಿ ಅಲುಗಿರಲಿಲ್ಲ. ಯಾರೋ ಎಳೆದರು ಎನ್ನುತ್ತೀರಿ. ಮಾವ ಕೆಡವಿದಲ್ಲೇ ಅಲುಗದೆ ಬಿದ್ದಿದ್ದ. ಹತ್ತಿರವಿದ್ದ ಇನ್ನೊಬ್ಬ ಮಲ್ಲಣ್ಣ, ಅವನ ಎರಡೂ ಕೈ ಮೇಲಿದ್ದವು. ಬಿಜಲಿ ಎಂದರೆ, ಒದ್ದೆ ರೇಷ್ಮೆಯಲ್ಲಿ ಬಿಜಲಿ ನಿಲ್ಲುವುದಿಲ್ಲ. ಆಮೇಲಿನ ಚಳಿಗಾಲಗಳಲ್ಲಿ ನಾನು ರೇಷ್ಮೆ ತೋಯಿಸಿ, ಕಂಬಳಿಗೆ ತಿಕ್ಕಿ, ಗಾಜಿಗೆ ತಿಕ್ಕಿ ಕೈ ಸವೆಸಿದ್ದೇನೆ. ಒಂದು ಎಳೆಯೂ ಎದ್ದಿಲ್ಲ.

ಮರುದಿನ ಪೊಲೀಸ್ ಠಾಣೆಯ ಅಮೀನರು ಬಂದರು. ಕಾಲು ಜಾರಿ ಬಿದ್ದಳು ಎಂದು ಎಲ್ಲರೂ ಹೇಳಿದರು, ಮಲ್ಲಣ್ಣನೂ. ಮಾವನ ಕೈ ಎಲ್ಲಿ ಮುರಿಯಿತು ಎಂದು ಅವರು ಕೇಳಲಿಲ್ಲ. ಓಣಿ ಇಂದಿಗೂ ಎರಡು ಪಾಲು. ಕೊಂದವನನ್ನು ಬಿಡಬಾರದೆಂದು ಹಿಡಿದಳು ಎನ್ನುವವರು ಅರ್ಧ, ಏಟು ಬೀಳಬಾರದೆಂದು ಸೆರಗು ಹೊದಿಸಿದಳು ಎನ್ನುವವರು ಅರ್ಧ.

ಮಾವನ ಕೈ ಸೊಟ್ಟಗೇ ಕೂಡಿತು. ಲಾಳಿ ಹಿಡಿಯಲು ಬರಲಿಲ್ಲ, ಮಗ್ಗ ನಾನೇ ನಡೆಸಿದೆ. ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ.

“ಮಾವಾ, ಖರೇ ಹೇಳು. ಬಾವಿಗೆ ನೂಕಿದ್ಯೇನು?”

ಅವನು ಸೊಟ್ಟ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

“ನನ್ನ ಮ್ಯಾಲ ದಿಂಡು ಎತ್ತಿದ ಹೊತ್ತು ಆಕಿ ಯಾಕ ಬಂದ್ಲು, ಮೊದಲ ನೀ ಹೇಳು. ಆಮ್ಯಾಲ ನಾ ಹೇಳ್ತೀನಿ.”

ನನಗೆ ಇನ್ನೂ ಹೇಳಲಾಗಿಲ್ಲ. ಅವನೂ ಹೇಳಿಲ್ಲ.