ಬಿಸಿ ಬೆಲ್ಲದ ಭಾಷಣ

ಮಂಡ್ಯದ ಕಡೆಗೆ ನಾಲೆಯ ನೀರು ಬಂದ ಹೊಸತು. ಕಬ್ಬು ಎದೆಯೆತ್ತರ ಬಂದರೆ ಸಾಕು, ಕಡಿದು ಗಾಣಕ್ಕೆ ಹಾಕುವ ಆತುರ ರೈತರಿಗೆ. ಇನ್ನೆರಡು ತಿಂಗಳು ಕಾಯಿರಿ, ಸಿಹಿ ತುಂಬಲಿ ಎಂದು ಊರೂರಿಗೆ ಹೋಗಿ ಹೇಳುವುದು ನನ್ನ ಸರ್ಕಾರಿ ಕೆಲಸ. ಕೆರಗೋಡಿನ ದಾರಿಯುದ್ದಕ್ಕೂ ತಾಳ್ಮೆಯ ಮೇಲಿನ ಭಾಷಣವನ್ನು ಎತ್ತಿನ ಗಾಡಿಯಲ್ಲಿ ಕೂತು ಬಾಯಿಪಾಠ ಮಾಡಿದೆ. ಗಾಡಿ ಹೊಡೆಯುವವನಿಗೂ ಅದು ಬಾಯಿಗೆ ಬಂದಿತ್ತು.

ಜನ ಆಲೆಮನೆಯ ಮುಂದೆ ಸೇರಿದ್ದರು. ಕುಡುಗೋಲು ಮಸೆದು ತಂದವರೂ ಇದ್ದರು. ನಾನೋ, ಕೊಪ್ಪರಿಗೆಯಿಂದ ಆಗತಾನೆ ಇಳಿದ ಬೆಲ್ಲದ ಘಮಕ್ಕೆ ಸೋತು, ಬಾಳೆಲೆಯ ಚೂರಿಗೆ ಒಂದಿಷ್ಟು ಹಾಕಿಸಿಕೊಂಡೆ.

“ವಸಿ ತಡೀರಿ ಸಾಮಿ, ಆರ್ಲಿ,” ಎಂದಳು ಆಲೆಮನೆಯ ಯಜಮಾನಿ ನಿಂಗಜ್ಜಿ.

“ನಾನೇನು ಬೆಲ್ಲ ಕಾಣದವನೇ ಅಜ್ಜಿ?” ಎಂದು ಗತ್ತಿನಿಂದ ಬಾಯಿಗೆ ಹಾಕಿಕೊಂಡೆ.

ಅದು ನಾಲಿಗೆಗೆ ಅಂಟಿ ಸುಡತೊಡಗಿತು. ಉಗುಳಲು ಮರ್ಯಾದೆ ಬಿಡಲಿಲ್ಲ, ನುಂಗಲು ಗಂಟಲು ಒಪ್ಪಲಿಲ್ಲ. ರುಮಾಲು ಸುತ್ತಿದ ಸರ್ಕಾರಿ ನೌಕರನಾದ ನಾನು ಎಲ್ಲರೆದುರು ಕಣ್ಣೀರು ಸುರಿಸುತ್ತ ಕುಣಿದೆ. ಭಾಷಣಕ್ಕೆ ನಾಲಿಗೆಯೇ ಏಳಲಿಲ್ಲ.

ಅಜ್ಜಿ ನನ್ನ ಕೈಗೆ ಮಜ್ಜಿಗೆ ಕೊಟ್ಟು ಜನರ ಕಡೆ ತಿರುಗಿದಳು. “ನೋಡಿದ್ರೇನ್ರಲಾ? ಆತ್ರ ಬಿದ್ರೆ ಇಂಗೇ ಆಗೋದು. ಕಬ್ಬು ಬಲೀಲಿ. ಕುಡ್ಲು ಎತ್ಕಂಡು ಮನೆಗೋಗ್ರಲಾ!”

ಜನ ಕುಡುಗೋಲು ಎತ್ತಿಕೊಂಡು ಮನೆಯ ದಾರಿ ಹಿಡಿದರು.

ಆ ದಿನದ ವರದಿಯಲ್ಲಿ ‘ಕೆರಗೋಡಿನಲ್ಲಿ ಪ್ರಾತ್ಯಕ್ಷಿಕೆ ಯಶಸ್ವಿಯಾಯಿತು’ ಎಂದು ಬರೆದೆ. ಮೇಲಧಿಕಾರಿಗಳು ಬಹಳ ಮೆಚ್ಚಿ, ಮುಂದಿನ ವಾರ ಅದನ್ನೇ ಮಳವಳ್ಳಿಯಲ್ಲೂ ಮಾಡಿ ತೋರಿಸಬೇಕೆಂದು ಹುಕುಂ ಕಳಿಸಿದರು.