ದುಬಾರಿ ಸಾಹೇಬರ ಕಿಟಕಿ

ಬೆಲೆ ಕೇಳುವ ಮೊದಲೇ "ದುಬಾರಿ" ಎಂದುಬಿಡುವ ವಿದ್ಯೆ ಎಲ್ಲರಿಗೂ ಒಲಿಯುವುದಿಲ್ಲ. ಅದಕ್ಕೆ ಪಂಪು ತಯಾರಿಸುವ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಕುರ್ಚಿ ಸವೆಸಿರಬೇಕು. ಮದುವೆಯಾಗಿ ಬಂದ ವಾರದಲ್ಲೇ ಸೊಸೆ ಮಾವನ ಜೊತೆ ತರಕಾರಿ ಅಂಗಡಿಗೆ ಹೋಗಿ ಈ ವಿದ್ಯೆಯನ್ನು ಕಣ್ಣಾರೆ ಕಂಡಳು. ಮಾವ ಒಂದು ಹೂಕೋಸನ್ನು ಎತ್ತಿ, ತಿರುಗಿಸಿ, ಮೂಗಿನ ಹತ್ತಿರ ಹಿಡಿದು, "ದುಬಾರಿ" ಎಂದು ಕೆಳಗಿಟ್ಟರು.

"ನಾನಿನ್ನೂ ರೇಟೇ ಹೇಳಿಲ್ವಲ್ಲ ಯಜಮಾನ್ರೇ!" ಎಂದಳು ತರಕಾರಿಯವಳು.

"ಹೇಳ್ತೀಯಲ್ಲ. ಅದಕ್ಕೇ ಮೊದಲೇ ಹೇಳಿದೆ."

ಕಾರ್ಖಾನೆಯಲ್ಲಿ ಅವರ ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದದ್ದು 'ದುಬಾರಿ ಸಾಹೇಬರು' ಎಂದೇ. ಅಲ್ಲಿ ಒಂದು ಪೊರಕೆ ಕೊಳ್ಳುವುದಿದ್ದರೂ ಮೂರು ಕಡೆಯಿಂದ ಕೊಟೇಶನ್ ತರಿಸಿ, ಕಡಿಮೆ ಬರೆದವನಿಗೆ ಕೆಲಸ ಕೊಡುವುದು ಪದ್ಧತಿ. ಪದ್ಧತಿ ಕಾರ್ಖಾನೆಯದು, ನಿಜ. ಸಾಹೇಬರು ಅದನ್ನು ಮನೆಗೂ ಹೊತ್ತು ತಂದರು, ನಿವೃತ್ತಿಯ ದಿನ ಕೊಟ್ಟ ಗೋಡೆ ಗಡಿಯಾರದ ಜೊತೆ ಪೂರ್ತಿಯಾಗಿ ತಂದು ಮೊಳೆ ಹೊಡೆದು ನಿಲ್ಲಿಸಿದರು. ಅತ್ತೆಯ ದವಡೆ ಹಲ್ಲು ನೋವಿಗೆ ಮೂರು ದಂತವೈದ್ಯರ ಬಳಿ ವಿಚಾರಿಸಿದ್ದಾಯಿತು. ಇಬ್ಬರು ಹಲ್ಲು ಉಳಿಸುವ ರೇಟು ಹೇಳಿದರು, ಮೂರನೆಯವನು ಕೀಳುವ ರೇಟು ಹೇಳಿದ. ಕೀಳಿಸಿದರು. ಅತ್ತೆ ಇವತ್ತಿಗೂ ಒಂದೇ ಕಡೆ ಅಗಿಯುತ್ತಾರೆ.

ಹಾಗಂತ ಸಾಹೇಬರು ದುಡ್ಡೇ ಬಿಚ್ಚುವುದಿಲ್ಲ ಎನ್ನುವ ಹಾಗಿಲ್ಲ. ಅವರ ಮೂಗಿನ ಮೇಲೆ ಕೂತ ಚಿನ್ನದ ಬಣ್ಣದ ಫ್ರೇಮಿನ ಬೆಲೆಯಲ್ಲಿ ಅತ್ತೆಯ ಎರಡು ಹಲ್ಲು ಉಳಿಯುತ್ತಿದ್ದವು. ಅದು ದುಬಾರಿ ಅಲ್ಲವಂತೆ, ಕ್ವಾಲಿಟಿಯಂತೆ. ಕಣ್ಣು ಅವರದಲ್ಲವೇ!

ಈಗಿನ ಮೂರನೇ ಮಹಡಿಯ ಮನೆಯೂ ಮೂರು ಮನೆಗಳ ಪೈಕಿ ಬಾಡಿಗೆ ಕಡಿಮೆ ಅಂತಲೇ ಹಿಡಿದದ್ದು. ಏಕೆ ಕಡಿಮೆ ಎಂದು ಯಾರೂ ಕೇಳಲಿಲ್ಲ. ಸಾಮಾನು ಇಳಿಸಿದ ಮೇಲೆ ಗೊತ್ತಾಯಿತು: ಮಲಗುವ ಕೋಣೆಯ ಅಗಲವಾದ ಕಿಟಕಿಗೆ ಬಾಗಿಲಿದೆ, ಕಂಬಿಯಿಲ್ಲ. ಮಂಚ ಹಾಕಲು ಜಾಗವಿದ್ದದ್ದು ಆ ಕಿಟಕಿಯ ಕೆಳಗೆ ಮಾತ್ರ. ಸೊಸೆಯ ಹದಿನಾಲ್ಕು ತಿಂಗಳ ಮಗು ಆಗಷ್ಟೇ ದಿಂಬಿನ ಮೇಲೆ ದಿಂಬು ಹತ್ತುವುದನ್ನು ಕಲಿತಿತ್ತು.

ಸೊಸೆ ಗಂಡನಿಗೆ ಹೇಳಿದಳು. ಗಂಡ "ಅಪ್ಪನ್ನ ಕೇಳೋಣ" ಎಂದ. ಮಹಾಶಯನಿಗೆ ಮೂವತ್ತು ವರ್ಷ ತುಂಬಿತ್ತು, ಸಂಬಳವಿತ್ತು, ಮೀಸೆಯೂ ಇತ್ತು.

ಅಪ್ಪ "ಗ್ರಿಲ್ ಅಂದ್ರೆ ದುಬಾರಿ ಕಣಮ್ಮಾ, ಮೂರು ಕಡೆ ವಿಚಾರಿಸೋಣ" ಎಂದರು. ವಿಚಾರಣೆಗೆ ಹತ್ತೊಂಬತ್ತು ದಿನ ಹಿಡಿಯಿತು. ಆ ಹತ್ತೊಂಬತ್ತು ದಿನವೂ ಸೊಸೆ ಕಿಟಕಿಯ ಬಾಗಿಲು ಬಿಗಿದು, ಮುಂದೆ ಟ್ರಂಕು ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಕೂತಳು. ಬಚ್ಚಲಿಗೆ ಹೋಗುವಾಗ ಮಗುವಿನ ಸೊಂಟಕ್ಕೆ ತನ್ನ ದುಪಟ್ಟಾ ಸುತ್ತಿ ಅದರ ತುದಿಯನ್ನು ಅತ್ತೆಯ ಕೈಗೆ ಕೊಟ್ಟು ಹೋಗುತ್ತಿದ್ದಳು. ಒಳಗಿನಿಂದ "ಅತ್ತೇ, ಹಿಡ್ಕೊಂಡಿದೀರಾ?" ಎಂದು ಮೂರು ಸಲ ಕೂಗುತ್ತಿದ್ದಳು.

ಇಪ್ಪತ್ತನೇ ದಿನ ಅವಳು ಮಗುವನ್ನು ಲಸಿಕೆಗೆ ಕರೆದುಕೊಂಡು ಹೋಗಿದ್ದಾಗ ಗ್ರಿಲ್ ಬಂದು ಕೂತಿತ್ತು. ಸಾಹೇಬರು ಕಾಲ ಮೇಲೆ ಕಾಲು ಹಾಕಿ ಅದರ ಮುಂದೆ ಕುಳಿತಿದ್ದರು. ಸೊಸೆ ನೋಡಿದಳು. ಒಂದು ಕಂಬಿಗೂ ಮತ್ತೊಂದಕ್ಕೂ ನಡುವೆ ಸುಮಾರು ಒಂದು ಗೇಣು ಸಂದು!

"ಮಾವ, ಇದೇನಿದು?"

"ಗ್ರಿಲ್‌ಗೆ ತೂಕದ ಮೇಲೆ ರೇಟು ಕಣಮ್ಮಾ. ಆ ವೆಲ್ಡಿಂಗ್‌ನವನು ನಾಲ್ಕು ಬೆರಳಿಗೊಂದು ಕಂಬಿ ಅಂದ. ಯಾಕಪ್ಪಾ ಅಷ್ಟು ಅಂದೆ. ಒಂದು ಬಿಟ್ಟು ಒಂದು ತೆಗೆಸಿದೆ. ಅರ್ಧಕ್ಕರ್ಧ ಉಳೀತು."

"ಇಷ್ಟು ಅಗಲ ಇದ್ರೆ..."

"ಕಳ್ಳ ತೂರಲ್ಲ. ನಾನೇ ಭುಜ ಇಟ್ಟು ನೋಡಿದೀನಿ."

ಮೂರನೇ ಮಹಡಿಗೆ ಗೋಡೆ ಹತ್ತಿ ಬಂದು, ಐದು ಜನ ಇರುವ ಕೋಣೆಗಳೊಳಗೆ ನುಗ್ಗಿ, ಇವರ ತೂತುಬಿದ್ದ ಕೊಡೆಗಳನ್ನು ಹೊತ್ತೊಯ್ಯುವ ಆ ಕಳ್ಳ ಯಾರೋ! ಮೊಮ್ಮಗನ ಭುಜ ಎಷ್ಟಗಲ ಎಂಬುದು ಮಾತ್ರ ಮೂರು ಕೊಟೇಶನ್‌ಗಳಲ್ಲೂ ಇರಲಿಲ್ಲ.

ಸೊಸೆ ಬಗ್ಗಿದಳು. ಮಂಚದ ಕೆಳಗಿದ್ದ ಮಗುವಿನ ಚೆಂಡನ್ನು ತೆಗೆದುಕೊಂಡಳು. ಮಗುವಿನ ತಲೆಗಿಂತ ದೊಡ್ಡ ಚೆಂಡು. ಕಂಬಿಗಳ ನಡುವೆ ಹಿಡಿದು ಕೈ ಬಿಟ್ಟಳು. ಅದು ಎಲ್ಲೂ ತಾಗದೆ ಹೊರಗೆ ಹೋಯಿತು. ಕೆಳಗೆ ರಸ್ತೆಯಲ್ಲಿ ಧಪ್ ಎಂದಿತು. ಯಾರೋ "ಯಾವನಯ್ಯ ಅವನು, ಕಣ್ಣಿಲ್ವಾ?" ಎಂದು ಬೈದರು.

ಮಾವ ಕನ್ನಡಕ ಸರಿಮಾಡಿಕೊಂಡು, "ಚೆಂಡು ಹೋಯ್ತಲ್ಲ" ಎಂದರು.

ಅವಳು ವೆಲ್ಡಿಂಗ್‌ನವನಿಗೆ ಫೋನು ಮಾಡಿದಳು. ಮರುದಿನ ಬೆಳಿಗ್ಗೆ ಅವನು ತೆಗೆದಿಟ್ಟಿದ್ದ ಕಂಬಿಗಳನ್ನೇ ಹೊತ್ತು ಬಂದ. "ನಾನು ಅವತ್ತೇ ಹೇಳ್ದೆ ಅಮ್ಮಾ, ಸಾಹೇಬ್ರು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಈಗ ಗೋಡೆಯಿಂದ ಕಿತ್ತು, ಮತ್ತೆ ಬೆಸೆದು, ಮತ್ತೆ ಕೂರಿಸ್ಬೇಕು. ಮೊದಲೇ ಹಾಕ್ಸಿದ್ರೆ ಇಷ್ಟಾಗ್ತಿರಲಿಲ್ಲ" ಎಂದು ಮೊತ್ತ ಹೇಳಿದ.

"ದುಬಾರಿ! ಇನ್ನೆರಡು ಕಡೆ ಕೇಳೋಣ" ಎಂದರು ಮಾವ.

ಗಂಡ ಆಫೀಸಿನ ಚೀಲ ಹೆಗಲಿಗೇರಿಸಿ, ಅಪ್ಪನನ್ನೊಮ್ಮೆ ಹೆಂಡತಿಯನ್ನೊಮ್ಮೆ ನೋಡಿ, ಬಾಗಿಲ ಬಳಿ ಶೂ ಲೇಸಿನಲ್ಲಿ ಮುಳುಗಿಹೋದ.

ಸೊಸೆ ಮಗುವನ್ನು ಸೊಂಟಕ್ಕೇರಿಸಿಕೊಂಡಳು. "ಮಾವ, ದುಬಾರಿ ಅನ್ಬೇಡಿ. 'ನಾನು ಕೊಡಲ್ಲ' ಅನ್ನಿ. ಅಷ್ಟು ಬಾಯಿಬಿಟ್ಟು ಹೇಳಿಬಿಡಿ. ನಾನು ಮಗೂನ ಎತ್ಕೊಂಡು ಇವತ್ತೇ ಕಂಬಿ ಇರೋ ಮನೆ ಹುಡುಕ್ಕೋತೀನಿ."

"ಕೊಡಲ್ಲ ಅಂತ ನಾನೆಲ್ಲಮ್ಮಾ ಅಂದೆ?"

ಅಂದಿರಲಿಲ್ಲ, ಹೌದು. ಬದುಕಿನಲ್ಲೇ ಅಂದಿರಲಿಲ್ಲ. ಹೂಕೋಸು ದುಬಾರಿ, ವೈದ್ಯ ದುಬಾರಿ, ಕಬ್ಬಿಣ ದುಬಾರಿ. ತಪ್ಪೆಲ್ಲ ಸಾಮಾನಿನದು. ಬಿಗಿಹಿಡಿದ ಮುಷ್ಟಿ ಯಾರದೆಂದು ಆ ಮಾತು ಎಂದೂ ಹೇಳುವುದಿಲ್ಲ. ಹೀಗೊಂದು ಮಾತಿನ ಹಿಂದೆ ಅಡಗಿ ಒಬ್ಬ ಮನುಷ್ಯ ಅರವತ್ತು ದಾಟಬಹುದು, ಮನೆಮಂದಿಯಿಂದ 'ಲೆಕ್ಕಾಚಾರದವರು' ಎಂಬ ಹೊಗಳಿಕೆಯನ್ನೂ ಪಡೆಯಬಹುದು.

ಅಡುಗೆಮನೆಯಿಂದ ಅತ್ತೆ ಬಂದರು. ಕೈಯಲ್ಲಿ ಹಿಟ್ಟು ಮೆತ್ತಿತ್ತು. "ಹೇಳ್ರೀ. ಕೊಡಲ್ಲ ಅನ್ನಿ. ನನ್ನ ಹಲ್ಲಿನ ದಿನಾನೂ ಅಂದಿದ್ರೆ ನಾನೂ ಏನೋ ಒಂದು ದಾರಿ ನೋಡ್ಕೋತಿದ್ದೆ."

ಸಾಹೇಬರು ಬಾಯಿ ತೆರೆದರು. ವೆಲ್ಡಿಂಗ್‌ನವನು ಕಂಬಿ ಹಿಡಿದು ನಿಂತೇ ಇದ್ದ. ಮಗು ಅಮ್ಮನ ಸೊಂಟದಿಂದ ಕಿಟಕಿಯ ಕಡೆಗೆ ಎರಡೂ ಕೈ ಚಾಚಿ ಜಗ್ಗುತ್ತಿತ್ತು. ಮೂರಕ್ಷರದ 'ಕೊಡಲ್ಲ' ಅವರ ಗಂಟಲಿನಿಂದ ಹೊರಡಲಿಲ್ಲ. ಬೀರುವಿನ ಕಡೆ ನಡೆದರು.

"ಸ್ವಲ್ಪ ನೋಡಿ ಹೇಳಪ್ಪಾ" ಎಂದು ಬೀರುವಿನೊಳಗೆ ತಲೆಯಿಟ್ಟುಕೊಂಡೇ ಒಂದು ಸಲ ಗೊಣಗಿದರು. ಆಮೇಲೆ ನೋಟು ಎಣಿಸಿ ತಂದು ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಸೊಸೆ ಪ್ರತಿ ಸಂದಿನಲ್ಲೂ ತನ್ನ ನಾಲ್ಕು ಬೆರಳಿಟ್ಟು ನೋಡಿದಳು. ಎರಡು ಸಲ ನೋಡಿದಳು. ಆಮೇಲೆ ಟ್ರಂಕನ್ನು ಮಂಚದ ಕೆಳಗೆ ತಳ್ಳಿ, ಇಪ್ಪತ್ತೊಂದು ದಿನಗಳಲ್ಲಿ ಮೊದಲ ಸಲ ಹೆದರಿಕೆಯಿಲ್ಲದೆ ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದಳು.

ಸಂಜೆ ಎದುರುಮನೆಯವರು ನೋಡಲು ಬಂದರು. ಸಾಹೇಬರು ಕಂಬಿ ತಟ್ಟಿ ತೋರಿಸುತ್ತ, "ಮಕ್ಕಳಿರೋ ಮನೆ ನೋಡಿ, ಇಂಥದ್ರಲ್ಲಿ ದುಡ್ಡಿನ ಮುಖ ನೋಡಬಾರದು. ನಾನು ನಿಂತು ಹಾಕಿಸಿದ್ದು" ಎಂದರು.

ಒಳಗಿನಿಂದ ಅತ್ತೆಯ ದನಿ ಕೇಳಿತು: "ಕಂಬಿ ಸೊಸೇದು. ಮಧ್ಯದ ಸಂದು ಮಾತ್ರ ಇವರದು."