ಕೆಮ್ಮಕ್ಕನ ಕಿವಿ

ಬೆಳಗಿನ ಜಾವ, ಬೀದಿ ಇನ್ನೂ ಸದ್ದು ಮಾಡಿಲ್ಲ. ಕೋಣೆಯ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೇ ಟವೆಲ್ ತುರುಕಿ, ಹೆಡ್‌ಫೋನ್ ಹಾಕಿಕೊಂಡು ಅವರು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಕಣ್ಣು ಮುಚ್ಚುತ್ತಾರೆ. ಯಾರೋ ಕೆಮ್ಮುತ್ತಾರೆ. ಗಂಡಸು, ನಡುವಯಸ್ಸು, ಗಂಟಲಲ್ಲೇ ಮುಗಿದುಹೋಗುವ ಕೆಮ್ಮು. ‘ಸಾದಾ’ ಎಂಬ ಗುಂಡಿ ಒತ್ತುತ್ತಾರೆ. ಮುಂದಿನದು ಹೆಂಗಸಿನದು. ಎದೆಯ ತಳದಿಂದ ಏನನ್ನೋ ಎಳೆದುಕೊಂಡು ಬಂದ ಹಾಗಿದೆ, ಕೊನೆಗೊಂದು ಸಣ್ಣ ಸಿಳ್ಳು. ಬೆರಳು ಗಾಳಿಯಲ್ಲೇ ತಡೆದು ನಿಂತು, ಆಮೇಲೆ ‘ಅಪಾಯ’ದ ಮೇಲೆ ಇಳಿಯುತ್ತದೆ.

ಓಣಿಯವರು ಅವರಿಗಿಟ್ಟ ಹೆಸರು ಕೆಮ್ಮಕ್ಕ. ಆರೋಗ್ಯ ಸಂಶೋಧನಾ ಕೇಂದ್ರವೊಂದು ಕ್ಲಿನಿಕ್ಕುಗಳಲ್ಲಿ ರೋಗಿಗಳ ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ ಕೆಮ್ಮುಗಳನ್ನು, ದಿನಕ್ಕೆ ಐನೂರರ ಆಸುಪಾಸು, ಕೇಳಿ ಗುರುತು ಹಾಕುವುದು ಅವರ ಕೆಲಸ. ಆ ಗುರುತುಗಳಿಂದ ಕಂಪ್ಯೂಟರ್ ಪಾಠ ಕಲಿಯುತ್ತದೆ. ಕಲಿತದ್ದು ಈಗ ಕ್ಲಿನಿಕ್ಕುಗಳ ಫೋನಿನೊಳಗೆ ಕೂತಿದೆ. ಯಾವ ಬಡಾವಣೆಯಲ್ಲಿ ಅಪಾಯದ ಕೆಮ್ಮು ಹೆಚ್ಚು ಎಂದು ಅದು ಲೆಕ್ಕ ಹಾಕಿ ಹೇಳಿದರೆ, ಆರೋಗ್ಯ ಇಲಾಖೆ ಎಕ್ಸ್‌-ರೇ ವ್ಯಾನನ್ನು ಅಲ್ಲಿಗೆ ಕಳಿಸುತ್ತದೆ.

“ಅಪಾಯ ಅಂತ ಒತ್ತಿದಾಗ ಅಷ್ಟು ಭಯ ಆಗಲ್ಲ,” ಎನ್ನುತ್ತಾರೆ ಕೆಮ್ಮಕ್ಕ. “ಅವರನ್ನ ಯಾರೋ ನೋಡ್ತಾರೆ. ಸಾದಾ ಅಂತ ಒತ್ತಿದ್ನಲ್ಲ, ಅವರದೇ ಭಯ. ಅವರ ಬೀದಿಗೆ ಯಾರೂ ಹೋಗಲ್ಲ.”

ಮೊದಲು ಅವರು ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ಅಲ್ಲಿ ಕರೆಗಳಿಗೆ ಯಂತ್ರವೇ ಉತ್ತರ ಕೊಡತೊಡಗಿದಾಗ ಕೆಲಸ ಹೋಯಿತು. ಗಂಡ ತೀರಿಕೊಂಡು ಆಗಲೇ ಕೆಲವು ವರ್ಷ. ಮನೆಯಲ್ಲಿ ಉಳಿದದ್ದು ಅತ್ತೆ, ಸೊಸೆ ಇಬ್ಬರೇ. ಈ ಕೆಲಸ ಸಿಕ್ಕಾಗ ಯಂತ್ರದ ಕೈಯಲ್ಲಿ ಕಳಕೊಂಡದ್ದು ಯಂತ್ರದ ಕೈಯಿಂದಲೇ ವಾಪಸ್ ಬಂತು ಎಂದು ಅತ್ತೆ ನಕ್ಕಿದ್ದರಂತೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ಕೇಂದ್ರದವರು ಕ್ಷಯ ಖಚಿತವಾದವರ ಕೆಮ್ಮನ್ನು ವಾರಗಟ್ಟಲೆ ಕೇಳಿಸಿ ಅವರ ಕಿವಿ ಪಳಗಿಸಿದ್ದರು. ಪಳಗಿದ ಕಿವಿಗೆ ರಜೆ ಇಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನವನು ಕೆಮ್ಮಿದರೆ ಬೆರಳು ತಾನಾಗಿ ತೊಡೆಯ ಮೇಲೆ ಗುಂಡಿ ಒತ್ತುತ್ತದೆ. ಅಂಗಡಿಯವನ ಕೆಮ್ಮಿಗೆ ಚಿಲ್ಲರೆ ಇಸಕೊಳ್ಳದೆ ಹೊರಬಂದದ್ದುಂಟು. ಅತ್ತೆಯಂತೂ ಇವಳ ಎದುರು ಕೆಮ್ಮುವುದೆಂದರೆ ಪರೀಕ್ಷೆ ಬರೆದ ಹಾಗೆ ಎಂದು ಗೊಣಗುತ್ತಿದ್ದರು. ಕ್ರಮೇಣ ಗೊಣಗುವುದನ್ನೂ ಬಿಟ್ಟರು. ಕೆಮ್ಮು ಬಂದರೆ ಮಹಡಿಯ ಮೇಲೆ ಬಟ್ಟೆ ತೆಗೆಯುವ ನೆಪದಲ್ಲಿ ಹತ್ತಿಹೋಗುತ್ತಿದ್ದರು.

ಒಂದು ಮುಂಜಾನೆ ಕೆಮ್ಮಕ್ಕ ಹೆಡ್‌ಫೋನ್ ತೆಗೆದಿಟ್ಟರೂ ಕೆಮ್ಮು ನಿಲ್ಲಲಿಲ್ಲ. ಅದು ಮೇಲಿನಿಂದ ಬರುತ್ತಿತ್ತು. ಎದೆಯ ತಳದಿಂದ ಎದ್ದು, ಕೊನೆಗೆ ಸಿಳ್ಳು. ಬೆರಳು ತಾನಾಗಿ ‘ಅಪಾಯ’ದ ಕಡೆ ಸರಿಯಿತು ಎಂದು ಈಗ ನೆನೆಯುತ್ತಾರೆ.

ಅದೇ ದಿನ ಅತ್ತೆಯನ್ನು ಬಡಾವಣೆಯ ಕ್ಲಿನಿಕ್ಕಿಗೆ ಕರೆದೊಯ್ದರು. ನರ್ಸು ಫೋನನ್ನು ಬಾಯಿಯ ಹತ್ತಿರ ಹಿಡಿದು ಕೆಮ್ಮಲು ಹೇಳಿದಳು. ಅತ್ತೆ ಕೆಮ್ಮಿದರು. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಬಂತು: ಸಾದಾ. ಈ ಫಲಿತಾಂಶ ಬಂದವರು ಕಾದು ನೋಡಬೇಕೆಂಬುದು ನಿಯಮ, ವ್ಯಾನೂ ಸದ್ಯಕ್ಕೆ ಈ ಕಡೆ ಬರುವುದಿಲ್ಲ ಎಂದು ನರ್ಸು ಮೆಲ್ಲಗೆ ಹೇಳಿದಳು. ಅತ್ತೆಗೆ ಗೆದ್ದ ಖುಷಿ. ಕೆಮ್ಮಕ್ಕ ಮಾತ್ರ ವ್ಯಾನ್ ಈಗ ಎಲ್ಲಿದೆ ಎಂದು ನರ್ಸನ್ನು ಕೇಳಿಕೊಂಡರು.

“ಯಂತ್ರ ಕಲ್ತಿದ್ದು ನನ್ನ ಹತ್ರಾನೇ. ಅದು ಸರಿಯಾದ್ರೆ ನನ್ನ ಕಿವಿ ತಪ್ಪು. ಅದು ತಪ್ಪಾದ್ರೆ, ಕಲಿಸಿದವಳು ನಾನೇ. ಯಾವ ಕಡೆ ನೋಡಿದ್ರೂ ಜೀವ ಝಲ್ ಅಂತಿತ್ತು.”

ಮರುದಿನ ಅತ್ತೆಯನ್ನು ಗದರಿ, ಪುಸಲಾಯಿಸಿ, ಎರಡು ಬಸ್ಸು ಬದಲಾಯಿಸಿ, ವ್ಯಾನ್ ನಿಂತಿದ್ದ ಇನ್ನೊಂದು ಬಡಾವಣೆಗೆ ಹೋದರು. ಅಲ್ಲಿಯವರಲ್ಲದಿದ್ದರೂ ಸಾಲಿನಲ್ಲಿ ನಿಂತರು. ವಯಸ್ಸಾದವರೆಂದು ಯಾರೂ ತಡೆಯಲಿಲ್ಲ. ಎಡ ಶ್ವಾಸಕೋಶದ ಮೂಲೆಯಲ್ಲಿ ನೆರಳು ಕಂಡಿತು. ಕಫ ಪರೀಕ್ಷೆಯಲ್ಲಿ ಕ್ಷಯ ಎಂದಾಯಿತು. ಬೇಗ ಸಿಕ್ಕಿದೆ, ಮಾತ್ರೆ ತಪ್ಪಿಸದಿದ್ದರೆ ವಾಸಿಯಾಗುತ್ತದೆ ಎಂದರು ವೈದ್ಯರು. ಅತ್ತೆ ಈಗ ಮಾತ್ರೆ ನುಂಗುತ್ತಾರೆ, ಬೈಯುತ್ತಾರೆ, ಎರಡು ತುತ್ತು ಹೆಚ್ಚು ಉಣ್ಣುತ್ತಾರೆ. ಕೆಮ್ಮಕ್ಕನೂ ಪರೀಕ್ಷೆ ಮಾಡಿಸಿಕೊಂಡರು. ಅವರಿಗೇನೂ ಇಲ್ಲ.

ಭಯ ಮಾತ್ರ ಹೋಗಲಿಲ್ಲ. ಆ ಹಸಿರು ಬಣ್ಣ ನೋಡಿ ನೆಮ್ಮದಿಯಿಂದ ಮನೆಗೆ ಹೋದವರು ಇನ್ನೆಷ್ಟು ಮಂದಿ? ಕೇಂದ್ರಕ್ಕೆ ಹೋಗಿ ವಿಜ್ಞಾನಿಯೊಬ್ಬರ ಮುಂದೆ ಎಲ್ಲ ಹೇಳಿದರು. ಕೆಲಸ ಹೋದರೆ ಹೋಗಲಿ ಎಂದುಕೊಂಡೇ ಹೋಗಿದ್ದರು. ವಿಜ್ಞಾನಿ ಬಾಗಿಲು ಹಾಕಿ, ಅತ್ತೆಯ ಕೆಮ್ಮಿನ ಧ್ವನಿಯನ್ನು ಕ್ಲಿನಿಕ್ಕಿನಿಂದ ತರಿಸಿದರು. ಇಬ್ಬರೂ ಕೂತು ಮತ್ತೆ ಮತ್ತೆ ಕೇಳಿದರು. ಹಿನ್ನೆಲೆಯಲ್ಲಿ ಕ್ಲಿನಿಕ್ಕಿನ ಫ್ಯಾನು ಗರಗರ ಎನ್ನುತ್ತಿತ್ತು. ಸಿಳ್ಳು ಅದರಲ್ಲಿ ಮುಳುಗಿತ್ತು.

“ಫ್ಯಾನಿನ ಸದ್ದೋ, ನಾವು ಕಲಿಸಿದ್ದೇ ತಪ್ಪೋ, ಈಗಲೇ ಹೇಳೋಕೆ ಆಗಲ್ಲ,” ಎಂದರು ವಿಜ್ಞಾನಿ. “ನನಗೂ ಇವತ್ತು ನಿದ್ದೆ ಬರಲ್ಲ.”

ಆ ಕ್ಲಿನಿಕ್ಕಿನಲ್ಲಿ ಈಗ ಯಂತ್ರ ಏನೇ ಹೇಳಿದರೂ, ಹಲವು ವಾರ ಕೆಮ್ಮಿದವರನ್ನು ವೈದ್ಯರೇ ನೋಡುತ್ತಾರೆ. ಉಳಿದ ಕಡೆ ಹಳೆಯ ನಿಯಮವೇ ಇದೆ. ಬದಲಾವಣೆಗೆ ಇಲಾಖೆ ಸಭೆ ಸೇರಬೇಕು, ಸಭೆಯ ದಿನ ಗೊತ್ತಾಗಿಲ್ಲ. ಕೆಮ್ಮಕ್ಕ ಮತ್ತೆ ಕೋಣೆ ಸೇರಿದ್ದಾರೆ. ತಾವು ಬಿಟ್ಟರೆ ಬೇರೆ ಯಾರೋ ಅವಸರದಲ್ಲಿ ಒತ್ತುತ್ತಾರೆ ಎಂಬ ಇನ್ನೊಂದು ಹೆದರಿಕೆ.

ಇನ್ನೇನು ಬೇಕು ನಿಮಗೆ ಎಂದು ಕೇಳಿದರೆ, ಅವರಿಗಿರುವುದು ಒಂದೇ ಆಸೆ. ಕೇಂದ್ರದಲ್ಲೂ ಅದನ್ನೇ ಹೇಳಿ ಬಂದಿದ್ದಾರೆ, ಉತ್ತರ ಬಂದಿಲ್ಲ.

“ಮೂರನೇದೊಂದು ಗುಂಡಿ ಇಡಿ ಅಂದೆ. ಗೊತ್ತಾಗ್ಲಿಲ್ಲ ಅನ್ನೋಕೆ. ನಾನು ಅದನ್ನ ಒತ್ತಿದ್ರೆ ತಾನೇ ಯಂತ್ರಾನೂ ಹಾಗನ್ನೋಕೆ ಕಲಿಯೋದು.”